‘ಅನ್ನಿಸುತ್ತೆ’ ಅಂತ ಬರೆದೆಯಲ್ಲ

ಪುಟ್ಟೀ,

ನಿನ್ನ ಕಾಗದ ಎರಡು ಸಲ ಓದಿದೆ. ಎರಡನೇ ಸಲ ಕೈಯಲ್ಲಿ ಪೆನ್ಸಿಲ್ ಇತ್ತು. 30 ವರ್ಷ ಮಕ್ಕಳ ಉತ್ತರ ಪತ್ರಿಕೆ ತಿದ್ದಿದ ಚಾಳಿ, ಬೈಕೋಬೇಡ. ಒಂದೇ ಪುಟದಲ್ಲಿ ಮೂರು ಕಡೆ ‘ಅನ್ನಿಸುತ್ತೆ’ ಸಿಕ್ಕಿತು. ರಾತ್ರಿ ತುಂಬ ಚಳಿ ಅನ್ನಿಸುತ್ತೆ. ಪರೀಕ್ಷೆ ಈ ಸಲ ಕಷ್ಟ ಇರುತ್ತೆ ಅನ್ನಿಸುತ್ತೆ. ರೂಮಿನವಳಿಗೆ ಸೊಕ್ಕು ಅನ್ನಿಸುತ್ತೆ.

ಚಳಿ ನಿನ್ನದು, ಅದನ್ನು ಅಲ್ಲಗಳೆಯುವುದಕ್ಕೆ ನಾನ್ಯಾರು. (ಸ್ವೆಟರ್ ಹಾಕ್ಕೋ.) ಪರೀಕ್ಷೆಯದು ಊಹೆ, ಆ ದಿನ ಬಂದರೆ ತಾನೇ ಗೊತ್ತಾಗುತ್ತೆ. ಮೂರನೆಯದು ಮಾತ್ರ ಇನ್ನೊಬ್ಬಳ ಮೇಲೆ ಕೊಟ್ಟ ತೀರ್ಪು. ಅದನ್ನೂ ಚಳಿಯ ಸಾಲಿನಲ್ಲೇ ಕೂರಿಸಿಬಿಟ್ಟಿದ್ದೀಯ. ‘ಅವಳು ಸೊಕ್ಕಿನವಳು’ ಎಂದು ನೆಟ್ಟಗೆ ಬರೆದಿದ್ದರೆ ‘ಯಾಕಮ್ಮಾ, ಏನು ಮಾಡಿದಳು?’ ಎಂದು ಕೇಳುತ್ತಿದ್ದೆ. ಅನ್ನಿಸಿದ್ದಕ್ಕೆ ಕಾರಣ ಕೇಳುವುದು ಹೇಗೆ?

ಪದವನ್ನೇ ಬಿಡಿಸಿ ನೋಡು. ‘ಅನ್ನು’ ಎಂದರೆ ಹೇಳು. ಅದಕ್ಕೆ ‘ಇಸು’ ಸೇರಿ ‘ಅನ್ನಿಸು’, ಅಂದರೆ ಹೇಳುವ ಹಾಗೆ ಮಾಡು. ಓದಿಸು, ಮಾಡಿಸು ಇದ್ದ ಹಾಗೆಯೇ. ಓದಿಸುವುದಕ್ಕೆ ಮೇಷ್ಟ್ರು ಇರುತ್ತಾರೆ, ಅನ್ನಿಸುವವರು ಯಾರು? ವಾಕ್ಯವನ್ನೆಲ್ಲ ಜಾಲಾಡಿದರೂ ಸಿಗುವುದಿಲ್ಲ. ಅಲ್ಲಿ ‘ನಾನು’ ಕೂಡ ಇಲ್ಲ, ಇರುವುದು ‘ನನಗೆ’. ನನಗೆ ಹಸಿವಾಗುತ್ತೆ, ನನಗೆ ನಿದ್ದೆ ಬರುತ್ತೆ, ನನಗೆ ಅವಳು ಸೊಕ್ಕಿನವಳು ಅನ್ನಿಸುತ್ತೆ. ಎಲ್ಲ ತಾನಾಗಿ ಆದದ್ದು, ನನ್ನ ಕೈವಾಡ ಏನೂ ಇಲ್ಲ!

ಅದೇ ‘ಅನ್ನು’ವಿಗೆ ‘ಕೊಳ್ಳು’ ಸೇರಿಸಿದರೆ ‘ಅಂದುಕೊಂಡೆ’. ನನಗೆ ನಾನೇ ಹೇಳಿಕೊಂಡೆ ಎಂದರ್ಥ. ಇಲ್ಲಿ ‘ನಾನು’ ತಪ್ಪಿಸಿಕೊಳ್ಳುವ ಹಾಗಿಲ್ಲ. ನನಗೆ ಇಷ್ಟದ ಪದ ಇದು. ‘ನೀನು ಬರ್ತೀಯ ಅಂದುಕೊಂಡಿದ್ದೆ’ ಎಂದರೆ, ನೀನು ಬರಲಿಲ್ಲ ಎಂದು ಮತ್ತೆ ಬಿಡಿಸಿ ಹೇಳಬೇಕಾಗಿಲ್ಲ. ಲೆಕ್ಕ ತಪ್ಪಿದ್ದು ನನ್ನದೇ ಎಂಬುದು ಆ ಪದದೊಳಗೇ ಇದೆ. ನಿಮ್ಮಪ್ಪನನ್ನು ಮೊದಲು ನೋಡಿದಾಗ ಮಹಾ ಮುಂಗೋಪಿ ಅಂದುಕೊಂಡಿದ್ದೆ. (ಪೂರ್ತಿ ತಪ್ಪೇನೂ ಆಗಿರಲಿಲ್ಲ ಬಿಡು.)

‘ತೀರ್ಪು’ ಇವೆರಡಕ್ಕಿಂತ ಭಾರ. ಸಾಲ ತೀರಿತು, ಆಸೆ ತೀರಿತು ಅನ್ನುತ್ತೇವಲ್ಲ, ಅದೇ ‘ತೀರು’ವಿನಿಂದ ಬಂದದ್ದು. ಅಲ್ಲಿಗೆ ಮಾತು ಮುಗಿಯಿತು. ಹಾಗಾಗಿಯೇ ನ್ಯಾಯಾಲಯದಲ್ಲಿ ತೀರ್ಪಿಗೆ ಮುಂಚೆ ಎರಡೂ ಕಡೆಯ ವಾದ ಕೇಳುತ್ತಾರೆ. ನಿನ್ನ ಕಾಗದದಲ್ಲಿ ಒಂದು ಕಡೆಯದೂ ಸರಿಯಾಗಿ ಇಲ್ಲ.

ಇನ್ನೊಂದು ರೂಪ ಉಳಿಯಿತು, ‘ಅನ್ನಿಸಿಕೊಳ್ಳು’. ಅದು ಆ ಹುಡುಗಿಯ ಪಾಲಿಗೆ ಬಂದದ್ದು. ನಿನಗೆ ಅನ್ನಿಸಿತು, ಅವಳು ಅನ್ನಿಸಿಕೊಂಡಳು. ಇಷ್ಟು ದೂರದಲ್ಲಿ ಕೂತ ನನ್ನ ಹತ್ತಿರವೂ ಅನ್ನಿಸಿಕೊಂಡಳು, ಪಾಪ, ಅವಳಿಗೆ ಅದು ಗೊತ್ತೂ ಇಲ್ಲ.

‘ಅನ್ನಿಸುತ್ತೆ’ ಅನ್ನಲೇಬೇಡ ಎಂದು ಹೇಳುತ್ತಿಲ್ಲ. ಚಳಿಗೆ, ಬೇಜಾರಿಗೆ, ಯಾಕೋ ಅಮ್ಮನ ಹತ್ತಿರ ಮಾತಾಡಬೇಕು ಅನ್ನಿಸಿದ್ದಕ್ಕೆ ಅದಕ್ಕಿಂತ ಒಳ್ಳೆಯ ಪದ ನನಗೂ ಗೊತ್ತಿಲ್ಲ. ಮುಂದಿನ ಕಾಗದದಲ್ಲಿ ಆ ಹುಡುಗಿ ಏನಂದಳು, ಏನು ಮಾಡಿದಳು, ಅಷ್ಟು ಬರಿ. ಸೊಕ್ಕೋ ಇನ್ನೇನೋ, ಆಮೇಲೆ ಇಬ್ಬರೂ ಕೂತು ನೋಡೋಣ. ಅವಳ ಹೆಸರನ್ನೂ ಬರಿ. ಇಡೀ ಕಾಗದದಲ್ಲಿ ಅದೊಂದು ಎಲ್ಲೂ ಇರಲಿಲ್ಲ.

ನಿನ್ನ
ಅಮ್ಮ