ಅಜ್ಜಿಯ ಹೆಬ್ಬೆಟ್ಟು ಇಡೀ ಹಾಡಿಯ ಒಪ್ಪಿಗೆಯಲ್ಲ: ಕೊಡಗು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಾನು ನಾಗರಹೊಳೆ ಕಾಡಂಚಿನ ಜೇನುಕುರುಬರ ಹಾಡಿಯವಳು. ನಮ್ಮಜ್ಜಿ ಮದ್ದಿನ ಬೇರು ಅಗೆಯುವಾಗ ಗಿಡದ ಒಂದು ಮಗ್ಗುಲನ್ನಷ್ಟೇ ಕೆದಕುತ್ತಾರೆ. ಬೇಕಾದಷ್ಟು ಕತ್ತರಿಸಿಕೊಂಡು, ಮಿಕ್ಕ ಬೇರಿಗೆ ಮಣ್ಣು ಮುಚ್ಚಿ, ಅಂಗೈಯಿಂದ ತಟ್ಟಿ ಏಳುತ್ತಾರೆ. ಮೂರು ವರ್ಷದ ಹಿಂದೆ ಸಂಶೋಧನೆಗೆಂದು ಬಂದವರು ಇದನ್ನೆಲ್ಲ ವಿಡಿಯೊ ಮಾಡಿಕೊಂಡರು. ಅಜ್ಜಿ ಅವರಿಗೆ ಚಾ ಕಾಸಿ ಕೊಟ್ಟರು. ಹೊರಡುವಾಗ ಇಂಗ್ಲಿಷ್ ಹಾಳೆಯೊಂದಕ್ಕೆ ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು.

ಅವರು ಬರೆದ ಲೇಖನ ಕಳೆದ ವರ್ಷ ನನ್ನ ಮೊಬೈಲಿನಲ್ಲಿ ಸಿಕ್ಕಿತು. ಗಿಡದ ಹೆಸರಿದೆ, ಮದ್ದು ಅರೆಯುವ ಕ್ರಮವಿದೆ, ಗಿಡ ಬೆಳೆಯುವ ಜಾಗದ ಅಕ್ಷಾಂಶ, ರೇಖಾಂಶವೂ ಇದೆ. ಅಜ್ಜಿಯ ಹೆಸರಿಲ್ಲ, ‘ಮಾಹಿತಿದಾರೆ, ವಯಸ್ಸು 70’ ಎಂದಿದೆ. ಮಣ್ಣು ಮುಚ್ಚುವ ಮಾತು ಎಲ್ಲೂ ಇಲ್ಲ. ಓದಿ ಹೇಳಿದೆ. ಹೆಸರು ಬಿಟ್ಟದ್ದಕ್ಕೆ ಅಜ್ಜಿ ಬೇಸರ ಮಾಡಿಕೊಳ್ಳಲಿಲ್ಲ. “ಜಾಗ ಯಾಕೆ ಬರೆದ್ರು?” ಎಂದಷ್ಟೇ ಕೇಳಿದರು.

2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಕೆ) ಕಲಂ ಜೀವವೈವಿಧ್ಯ ಮತ್ತು ಸಂಸ್ಕೃತಿಗೆ ಸೇರಿದ ಸಾಂಪ್ರದಾಯಿಕ ಅರಿವಿನ ಮೇಲೆ ಸಮುದಾಯಕ್ಕೆ ಹಕ್ಕು ಕೊಟ್ಟಿದೆ. ಆ ಕಾಯ್ದೆಯ ಜಿಲ್ಲಾ ಮಟ್ಟದ ಸಮಿತಿಗೆ ತಾವೇ ಅಧ್ಯಕ್ಷರು. ಭೂಮಿಯ ಹಕ್ಕುಪತ್ರಕ್ಕಾಗಿ ನಾವು ಅಲೆದಿದ್ದೇವೆ, ಇನ್ನೂ ಅಲೆಯುತ್ತಿದ್ದೇವೆ. ಆದರೆ ಈ ಕಲಮಿನ ಮಾತು ನಾನು ಕುಳಿತ ಯಾವ ಸಭೆಯಲ್ಲೂ ಬಂದಿಲ್ಲ.

ಸಂಶೋಧನೆಯೇ ಬೇಡ ಎನ್ನುತ್ತಿಲ್ಲ. 1987ರಲ್ಲಿ ಕೇರಳದ ಕಾಣಿ ಬುಡಕಟ್ಟಿನ ಜನ ಆರೋಗ್ಯಪಚ್ಚ ಎಂಬ ಗಿಡದ ಗುಣವನ್ನು ವಿಜ್ಞಾನಿಗಳಿಗೆ ತಿಳಿಸಿದರು. ಅದರಿಂದ ‘ಜೀವನಿ’ ಎಂಬ ಔಷಧಿ ಬಂತು. ಪರವಾನಗಿ ಶುಲ್ಕ, ರಾಯಧನದಲ್ಲಿ ಅರ್ಧ ಕಾಣಿಗಳಿಗೆಂದು ತೀರ್ಮಾನವಾಗಿ, 1997ರಲ್ಲಿ ಅವರದೇ ಟ್ರಸ್ಟ್ ಆಯಿತು. ಅಷ್ಟಾದರೂ, ನಮ್ಮನ್ನು ಕೇಳಲೇ ಇಲ್ಲವೆಂಬ ಅಸಮಾಧಾನ ಕಾಣಿಗಳಲ್ಲೇ ಕೆಲವರಿಗೆ ಉಳಿಯಿತು. ಮೊದಲು ಎಲ್ಲರನ್ನೂ ಕೇಳಬೇಕು, ದುಡ್ಡಿನ ಪಾಲು ಆಮೇಲಿನ ಮಾತು. ಅಜ್ಜಿಗೆ ಆ ಮದ್ದು ಬಂದದ್ದು ಅವರ ಅತ್ತೆಯಿಂದ, ಪಕ್ಕದ ಹಾಡಿಯ ಮದ್ದಿನವರಿಂದ. ಅವರೊಬ್ಬರ ಹೆಬ್ಬೆಟ್ಟು ಅದಕ್ಕೆ ಸಾಲದು.

ಹಾಗಾಗಿ ಒಂದು ಸುತ್ತೋಲೆ ಹೊರಡಿಸಿ. ಹಾಡಿಗೆ ಬರುವ ಸಂಶೋಧಕರು ಏನನ್ನು, ಯಾಕೆ, ಎಲ್ಲಿ ಪ್ರಕಟಿಸುತ್ತಾರೆಂದು ಮೊದಲು ಗ್ರಾಮಸಭೆಗೆ ನಮಗೆ ತಿಳಿಯುವ ಮಾತಿನಲ್ಲಿ ಹೇಳಲಿ. ಸಭೆ ಬೇಡವೆಂದರೆ ಅಲ್ಲಿಗೇ ನಿಲ್ಲಿಸಲಿ. ಅಚ್ಚಿಗೆ ಕೊಡುವ ಮೊದಲು ಬರೆದದ್ದನ್ನು ನಮ್ಮೆದುರು ಓದಲಿ. ಗಿಡದ ಜಾಗವನ್ನಂತೂ ಬರೆಯುವುದೇ ಬೇಡ.

ಮಳೆ ನಿಂತ ಮೇಲೆ ಮತ್ತೆ ತಂಡಗಳು ಬರುತ್ತವೆ. ಅದಕ್ಕೂ ಮೊದಲು ಸುತ್ತೋಲೆಯ ಕರಡನ್ನು ನಮ್ಮ ಹಾಡಿಗೇ ತಂದು ಓದಿಸಿ. ಅಜ್ಜಿಯೂ ಕೂತು ಕೇಳುತ್ತಾರೆ.

ಇಂತಿ,
ಹಾಡಿಯ ಮಗಳು