ಕಡಲಿಗೆ ಹೋಗುವ ಓಣಿಗಳೂ ನಕ್ಷೆಯಲ್ಲಿರಲಿ

ಮಾನ್ಯ ಸಂಪಾದಕರೇ,

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಎರಡು ದಿನ ರಜೆ ಸಿಕ್ಕರೆ ಘಟ್ಟ ಇಳಿದು ಕಡಲು ನೋಡಿಬರುವುದು ರೂಢಿ. ಕಳೆದ ಡಿಸೆಂಬರ್‌ನಲ್ಲಿ ಮಂಡಿನೋವಿನ ಅತ್ತೆಯವರನ್ನು ಕರೆದುಕೊಂಡು ಹೋದಾಗ, ಹತ್ತು ವರ್ಷದ ಹಿಂದೆ ನಾವೇ ನಡೆದಿದ್ದ ಓಣಿಯ ಬಾಯಿಗೆ ಸರಪಳಿ ಬಿಗಿದು, ‘ಖಾಸಗಿ ಜಾಗ, ಪ್ರವೇಶವಿಲ್ಲ’ ಎಂಬ ಫಲಕ ತೂಗುಹಾಕಿದ್ದರು. ಎರಡೂ ಬದಿಗೆ ಚಿರೆಕಲ್ಲಿನ ಕಾಂಪೌಂಡು. ಅಲೆಯ ಸದ್ದು ಕೇಳುತ್ತಿತ್ತು, ನೀರು ಕಾಣುತ್ತಿರಲಿಲ್ಲ. ಒಣಮೀನು ಹರವುತ್ತಿದ್ದ ಹೆಂಗಸೊಬ್ಬರು ತೋರಿಸಿದ ಇನ್ನೊಂದು ದಾರಿ ಬಹಳ ಸುತ್ತಿನದು. ಅದರ ಕೊನೆಯಲ್ಲಿ ಕಡಲ್ಕೊರೆತ ತಡೆಯಲು ಸುರಿದ ಬಂಡೆಗಳ ರಾಶಿ. ಅತ್ತೆಯವರು ಅಲ್ಲಿಂದಲೇ ಸಮುದ್ರಕ್ಕೆ ಕೈಮುಗಿದು ಹಿಂದಿರುಗಿದರು.

ಕಡಲತೀರ, ನದಿ, ಅರಣ್ಯಗಳನ್ನು ಸರ್ಕಾರ ಸಾರ್ವಜನಿಕರ ಪರವಾಗಿ ಧರ್ಮದರ್ಶಿಯಂತೆ ಕಾಯಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಆದರೆ ಮರಳು ಎಲ್ಲರದಾದರೂ ಅದನ್ನು ಮುಟ್ಟುವ ಓಣಿ ಹಲವೆಡೆ ಯಾರದೋ ಪಹಣಿಯ ಜಾಗದಲ್ಲಿದೆ. ಕರಾವಳಿ ನಿಯಂತ್ರಣ ವಲಯದ ಚರ್ಚೆಯೆಲ್ಲ ಉಬ್ಬರದ ಗೆರೆಯಿಂದ ಕಟ್ಟಡ 200 ಮೀಟರ್ ದೂರವಿರಬೇಕೋ, 2019ರ ಅಧಿಸೂಚನೆಯಂತೆ ಜನದಟ್ಟಣೆಯ ಹಳ್ಳಿಗಳಲ್ಲಿ 50 ಮೀಟರ್ ಸಾಕೋ ಎಂಬುದರ ಸುತ್ತಲೇ ನಡೆಯುತ್ತದೆ. ನಡೆದು ಹೋಗುವ ದಾರಿಯ ಮಾತು ಅದರಲ್ಲಿ ಬರುವುದು ಅಪರೂಪ.

ನಮ್ಮ ಮಲೆನಾಡಿನಲ್ಲಿ ಅಡಿಕೆ ತೋಟದ ಬೇಲಿ ದಾರಿಗೆ ಅಡ್ಡ ಬಂದರೆ ತಹಸೀಲ್ದಾರರ ಮುಂದೆ ಮೊದಲು ಬಿಚ್ಚುವುದು ಗ್ರಾಮನಕ್ಷೆಯನ್ನು. ಬಂಡಿದಾರಿ, ಕಾಲುದಾರಿ ಅದರಲ್ಲಿ ಗುರುತಾಗಿದ್ದರೆ ತಕರಾರು ಅರ್ಧ ಮುಗಿದಂತೆ. ಕರಾವಳಿಯ ಪಂಚಾಯಿತಿಗಳೂ ಭೂಮಾಪನ ಇಲಾಖೆಯೊಂದಿಗೆ ಸೇರಿ, ರೂಢಿಯಿಂದ ಬಳಕೆಯಲ್ಲಿರುವ ಪ್ರತಿಯೊಂದು ಓಣಿಯನ್ನೂ ಸರ್ವೆ ನಂಬರ್ ಸಹಿತ ದಾಖಲಿಸಿ, ಹೆದ್ದಾರಿಯಲ್ಲೇ ಫಲಕ ಹಾಕಬೇಕು. ಹೊಸ ರೆಸಾರ್ಟ್‌ಗೆ ಪರವಾನಗಿ ಕೊಡುವಾಗ ದಾರಿ ಬಿಡುವ ಷರತ್ತಿರಲಿ. ತಡೆಗೋಡೆ ಕಟ್ಟುವಲ್ಲಿ ಅಲ್ಲಲ್ಲಿ ಮೆಟ್ಟಿಲೂ ಇಳಿಜಾರೂ ಬೇಕು. ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ‘ಬ್ಲೂ ಫ್ಲ್ಯಾಗ್’ ಮಾನ್ಯತೆಯನ್ನು 2020ರಲ್ಲಿ ಪಡೆದ ಹೊನ್ನಾವರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿಗಳಲ್ಲಿ ಅಂಗವಿಕಲರ ಪ್ರವೇಶವೂ ಒಂದು ಮಾನದಂಡ. ಉಳಿದ ತೀರಗಳಿಗೆ ಅಷ್ಟಲ್ಲದಿದ್ದರೂ ಹಿಡಿದು ಇಳಿಯಲು ಒಂದು ಕಂಬಿಯಾದರೂ ಬೇಡವೇ?

ಈ ದಾರಿಗಳ ಮೊದಲ ಹಕ್ಕುದಾರರು ನಮ್ಮಂಥ ಪ್ರವಾಸಿಗರಲ್ಲ, ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆದು ಮೀನಿನ ಬುಟ್ಟಿಯನ್ನು ರಸ್ತೆಗೆ ಹೊತ್ತು ತರುವವರು. ಘಟ್ಟದ ಮೇಲಿನವರ ಕಾರುಗಳು ಬಲೆ ಒಣಗಿಸುವ ಜಾಗದಲ್ಲೇ ನಿಂತಿರುವುದನ್ನು ಕಂಡು ನನಗೇ ನಾಚಿಕೆಯಾಗಿದೆ. ವಾಹನ ನಿಲುಗಡೆಯನ್ನು ಹೆದ್ದಾರಿಯ ಬದಿಗೇ ಸೀಮಿತಗೊಳಿಸಿದರೆ, ನಡೆದು ಹೋಗಲು ನಮ್ಮ ತಕರಾರಿಲ್ಲ. ಹೊನ್ನಾವರ, ಭಟ್ಕಳ, ಕುಂದಾಪುರ ತಾಲ್ಲೂಕುಗಳಲ್ಲಿ ಈ ಮಳೆಗಾಲ ಮುಗಿಯುವುದರೊಳಗೆ ಓಣಿಗಳ ಪಟ್ಟಿಯಾದರೂ ಸಿದ್ಧವಾಗುವಂತೆ ಉತ್ತರ ಕನ್ನಡ, ಉಡುಪಿ ಜಿಲ್ಲಾಡಳಿತಗಳು ಗಮನ ಹರಿಸಬೇಕಾಗಿ ವಿನಂತಿ.

– ಓದುಗ, ಸಾಗರ, ಶಿವಮೊಗ್ಗ ಜಿಲ್ಲೆ