ಹಿಟ್ಟಿನ ಮಿಲ್ಲು ನೋಡಿ ಬಂದೆ

ನ್ಯೂಕ್ಯಾಸಲ್,
ಇಂಗ್ಲೆಂಡ್,
ಮೇ ತಿಂಗಳು, ಭಾನುವಾರ ಸಂಜೆ

ತೀರ್ಥರೂಪ ಅಪ್ಪನಿಗೆ, ಅಮ್ಮನಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನೀವೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಅಪ್ಪ, ಮೊನ್ನೆ ಫೋನಿನಲ್ಲಿ "ಮುಚ್ಚಿದ ಮಿಲ್ಲು ನೋಡೋಕೆ ರಜೆ ದಿನ ಹಾಳು ಮಾಡ್ಕೊಂಡ್ಯಾ? ದಾವಣಗೆರೆಯಲ್ಲಿ ಬೇಕಾದಷ್ಟು ನೋಡಿದ್ಯಲ್ಲ" ಅಂತ ನಕ್ಕಿರಿ. ಉತ್ತರ ಕೊಡುವಷ್ಟರಲ್ಲಿ ಅಮ್ಮ ಫೋನ್ ಕಿತ್ತುಕೊಂಡು ಊಟದ ವಿಷಯ ತೆಗೆದಳು. ಅದಕ್ಕೇ ಬರೆಯುತ್ತಿದ್ದೇನೆ. ಪತ್ರವನ್ನಾದರೆ ಯಾರೂ ಕಿತ್ತುಕೊಳ್ಳೋದಿಲ್ಲ.

ಇಲ್ಲಿ ಟೈನ್ ಅಂತ ಒಂದು ನದಿ. ಈ ದಡದಲ್ಲಿ ನಮ್ಮ ನ್ಯೂಕ್ಯಾಸಲ್, ಆ ದಡದಲ್ಲಿ ಗೇಟ್ಸ್‌ಹೆಡ್. ಗೇಟ್ಸ್‌ಹೆಡ್ ಕಡೆ ನೀರಿನ ಅಂಚಿಗೇ ಒಂದು ದೊಡ್ಡ ಇಟ್ಟಿಗೆ ಕಟ್ಟಡ ನಿಂತಿದೆ. ನದಿ ಕಡೆಯ ಗೋಡೆಯ ಮೇಲೆ ಆಳೆತ್ತರಕ್ಕಿಂತ ದೊಡ್ಡ ಅಕ್ಷರಗಳಲ್ಲಿ "ಬಾಲ್ಟಿಕ್ ಫ್ಲೋರ್ ಮಿಲ್ಸ್" ಅಂತ ಇವತ್ತಿಗೂ ಇದೆ. ಒಳಗೆ ಹಿಟ್ಟೂ ಇಲ್ಲ, ಗೋಧಿಯೂ ಇಲ್ಲ. ಈಗ ಅದು ಕಲಾಕೇಂದ್ರ. ಆದರೂ ಹಳೇ ಬೋರ್ಡು ತೆಗೆದಿಲ್ಲ. ನನಗೆ ಮೊದಲು ಹಿಡಿಸಿದ್ದೇ ಇದು.

ಕಟ್ಟಡದ ಜಾತಕ ಹೇಳಿಬಿಡುತ್ತೇನೆ, ನಿಮಗೆ ಅದಿಲ್ಲದೆ ಸಮಾಧಾನ ಆಗೋಲ್ಲ ಅಂತ ಗೊತ್ತು. ಜೋಸೆಫ್ ರ‍್ಯಾಂಕ್ ಅನ್ನೋ ಹಿಟ್ಟಿನ ಕಂಪನಿಯದು. ಅವರು ತಮ್ಮ ಹಲವು ಮಿಲ್ಲುಗಳಿಗೆ ಸಮುದ್ರಗಳ ಹೆಸರು ಇಡುತ್ತಿದ್ದರು, ಇದಕ್ಕೆ ಬಾಲ್ಟಿಕ್ ಬಂತು. 1930ರ ದಶಕದ ಕೊನೆಯಲ್ಲಿ ಕೆಲಸ ಶುರುವಾಯಿತು, ನಡುವೆ ಯುದ್ಧ ಬಂದು ನಿಂತುಹೋಯಿತು, ಮಿಲ್ಲು ತೆರೆದದ್ದು 1950ರಲ್ಲಿ. ಆಮೇಲೆ ದನದ ಆಹಾರವನ್ನೂ ತಯಾರಿಸುತ್ತಿದ್ದರಂತೆ. ಎಂಬತ್ತರ ದಶಕದ ಶುರುವಿನಲ್ಲಿ ಬಾಗಿಲು ಹಾಕಿತು. ಸುತ್ತಲಿನ ಕಟ್ಟಡಗಳನ್ನು ಕೆಡವಿಹಾಕಿದರು. ಉಳಿದದ್ದು ಕಾಳು ತುಂಬಿಡುತ್ತಿದ್ದ ಈ ಸೈಲೋ ಕಟ್ಟಡ ಒಂದೇ.

ನಿಮ್ಮ ಪ್ರಶ್ನೆ ನನಗೆ ಈಗಲೇ ಕೇಳಿಸುತ್ತಿದೆ. ಸೈಲೋ ಅಂದರೆ ಒಳಗೆಲ್ಲ ನೆಲದಿಂದ ತುದಿವರೆಗೆ ಕಾಂಕ್ರೀಟಿನ ಕೊಳವೆಗಳಲ್ವಾ, ಅದರಲ್ಲಿ ಮಹಡಿ ಎಲ್ಲಿಂದ ಬಂತು ಅಂತ. ಸರಿಯಾದ ಪ್ರಶ್ನೆ. ಒಳಗೆ ಮಹಡಿಗಳೇ ಇರಲಿಲ್ಲ. ಉತ್ತರದ ಗೋಡೆ, ದಕ್ಷಿಣದ ಗೋಡೆ ಎರಡನ್ನು ಮಾತ್ರ ಇಟ್ಟುಕೊಂಡು ಒಳಗಿನದನ್ನೆಲ್ಲ ತೆಗೆದರು. ಕೊಳವೆ ಹೋದರೆ ಗೋಡೆಗೆ ಆಧಾರ ಎಲ್ಲಿ? ಹಾಗಾಗಿ ಗೋಡೆ ಬೀಳದ ಹಾಗೆ ಉಕ್ಕಿನ ಚೌಕಟ್ಟು ಕಟ್ಟಿ ಹಿಡಿದು ನಿಲ್ಲಿಸಿದರು. ಪೂರ್ವ ಪಶ್ಚಿಮಕ್ಕೆ ಗಾಜು ಹಾಕಿದರು. ಆಮೇಲೆ ಒಳಗೆ ಹೊಸದಾಗಿ ಮಹಡಿಗಳು ಬಂದವು. ವಿನ್ಯಾಸ ಡೊಮಿನಿಕ್ ವಿಲಿಯಮ್ಸ್ ಅನ್ನೋ ಆರ್ಕಿಟೆಕ್ಟ್‌ದು. 2002ರ ಜುಲೈನಲ್ಲಿ ಜನರಿಗೆ ತೆರೆದರು. ಖರ್ಚಿನ ದೊಡ್ಡ ಪಾಲು ಲಾಟರಿ ಹಣ. ಅಮ್ಮ, ಗಾಬರಿಯಾಗಬೇಡ, ಇಲ್ಲಿ ರಾಷ್ಟ್ರೀಯ ಲಾಟರಿಯಲ್ಲಿ ಬಂದ ದುಡ್ಡಿನ ಒಂದು ಪಾಲು ಕಲೆಗೆ, ಆಟೋಟಕ್ಕೆ ಹೋಗುತ್ತದೆ. ಟಿಕೆಟ್ ಕೊಂಡು ಸೋತವರ ಪುಣ್ಯದಿಂದ ನಾನು ಬಿಟ್ಟಿಯಾಗಿ ಒಳಗೆ ಹೋಗಿ ಬಂದೆ. ಪ್ರವೇಶಕ್ಕೆ ದುಡ್ಡಿಲ್ಲ.

ಕಟ್ಟಡ ಹೀಗೆ ಟೊಳ್ಳಾಗಿ ನಿಂತಿದ್ದಾಗ, ಇನ್ನೂ ಮಹಡಿ ಹಾಕುವ ಮೊದಲು, 1999ರಲ್ಲಿ ಅನೀಶ್ ಕಪೂರ್ ಅನ್ನೋ ಶಿಲ್ಪಿ ಅದರೊಳಗೆ ಒಂದು ಕೆಲಸ ಮಾಡಿದರು. ಮುಂಬೈಯಲ್ಲಿ ಹುಟ್ಟಿದವರು. ಒಂದು ತುದಿಯಿಂದ ಇನ್ನೊಂದು ತುದಿಗೆ ಕಡುಗೆಂಪು ಪಿವಿಸಿ ಹಾಳೆಯನ್ನು ಎಳೆದು ಕಟ್ಟಿದ್ದರು. ಎರಡು ತುದಿ ಅಗಲ, ನಡುವೆ ಸಣ್ಣದಾಗುತ್ತಾ ಬಂದ ಭಾರೀ ಕಹಳೆ ಅಂತಿಟ್ಟುಕೊಳ್ಳಿ. ನಾನು ನೋಡಿದ್ದು ಫೋಟೋದಲ್ಲಿ ಅಷ್ಟೇ. ಆದರೆ ಕಾಳು ತುಂಬಿದ್ದ ಜಾಗ ಎಷ್ಟು ದೊಡ್ಡದಿತ್ತು ಅನ್ನೋದು ಆ ಫೋಟೋ ನೋಡಿದ ಮೇಲೇ ನನಗೆ ತಲೆಗೆ ಹೋದದ್ದು. ಖಾಲಿ ಜಾಗವನ್ನು ಸುಮ್ನೆ ಖಾಲಿ ಅಂತ ತೋರಿಸಿದರೆ ಕಣ್ಣಿಗೆ ಹಿಡಿಯುವುದಿಲ್ಲ, ನೋಡಿ.

ನಮ್ಮ ಮೈಸೂರಿನ ಅರಮನೆಯಲ್ಲಿದ್ದಂತೆ ಇಲ್ಲಿ ಖಾಯಂ ಚಿತ್ರಗಳಿಲ್ಲ. ಈ ಕೇಂದ್ರಕ್ಕೆ ತನ್ನದೇ ಅಂತ ಸಂಗ್ರಹವೇ ಇಲ್ಲ. ಪ್ರದರ್ಶನ ಬರುತ್ತದೆ, ಕೆಲವು ತಿಂಗಳು ಇರುತ್ತದೆ, ಹೋಗುತ್ತದೆ. ನಾನು ಹೋದ ದಿನ ಒಂದು ಮಹಡಿ ಪೂರ್ತಿ ಮುಚ್ಚಿತ್ತು. ಹಳೆಯದು ಇಳಿಸಿ ಹೊಸದಕ್ಕೆ ಸಿದ್ಧ ಮಾಡುತ್ತಿದ್ದರು. ಬಾಗಿಲಿಗೆ ಅಡ್ಡ ಕಟ್ಟಿದ್ದ ಪರದೆ ಒಂದು ಮೂಲೆಯಲ್ಲಿ ಸರಿದಿತ್ತು. ನಾನು ಇಣುಕದೆ ಇರುತ್ತೇನೆಯೇ?

ಒಳಗೆ ಒಬ್ಬ ವಯಸ್ಸಾದ ಮನುಷ್ಯ, ಮೊಣಕಾಲಿಗೆ ಪ್ಯಾಡ್ ಕಟ್ಟಿಕೊಂಡು ಗೋಡೆ ಮುಂದೆ ಕೂತಿದ್ದ. ಚಿತ್ರ ತೂಗುಹಾಕಿದ್ದ ತೂತುಗಳನ್ನು ಪುಟ್ಟಿ ಹಾಕಿ ಮುಚ್ಚುತ್ತಿದ್ದ. ಮೊದಲು ಹೆಬ್ಬೆರಳಿನಿಂದ ಒತ್ತುವುದು. ಆಮೇಲೆ ತಗಡಿನ ಪಟ್ಟಿಯಿಂದ ಒಂದೇ ಎಳೆತ. ಮುಗಿದ ಮೇಲೆ ಟಾರ್ಚ್ ಅನ್ನು ಗೋಡೆಗೆ ಅಡ್ಡವಾಗಿ ಹಿಡಿದು ನೋಡುತ್ತಿದ್ದ, ಎಲ್ಲಾದರೂ ಉಬ್ಬಿದ್ದರೆ ನೆರಳು ಬೀಳುತ್ತದೆ ಅಂತ. ಬಿದ್ದರೆ ಮರಳು ಕಾಗದ. ಮತ್ತೆ ಟಾರ್ಚ್. ಅಪ್ಪ, ನೀವು ನೂಲನ್ನು ಬೆಳಕಿಗೆ ಹಿಡಿದು ಗಂಟು ಹುಡುಕುತ್ತಿದ್ದಿರಲ್ಲ, ಥೇಟ್ ಅದೇ ಮುಖ. ಹತ್ತು ನಿಮಿಷ ನಿಂತಿದ್ದೆನೋ ಏನೋ. ಅವನು ತಿರುಗಿ ನೋಡಿ, "ಈ ಶೋ ಚೆನ್ನಾಗಿದೆಯಾ?" ಅಂತ ಕೇಳಿದ. ಚೆನ್ನಾಗಿದೆ ಅಂದೆ. "ಇದಕ್ಕೆ ಟಿಕೆಟ್ ಇಡಬೇಕಿತ್ತು" ಅಂತ ನಕ್ಕು ಕೆಲಸ ಮುಂದುವರಿಸಿದ.

ತೆರೆದಿದ್ದ ಮಹಡಿಗಳಲ್ಲಿ ನೋಡಿದ್ದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕತ್ತಲೆ ಕೋಣೆಯಲ್ಲಿ ಒಂದು ವಿಡಿಯೋ ಓಡುತ್ತಿತ್ತು, ನನಗೆ ಅರ್ಥವಾಗಲಿಲ್ಲ. ಗೋಡೆಯ ಮೇಲೆ ಅಂಟಿಸಿದ್ದ ವಿವರಣೆ ಓದಿದ ಮೇಲೆ ಇನ್ನೂ ಕಡಿಮೆ ಅರ್ಥವಾಯಿತು. ಇಂಥ ಜಾಗಗಳ ದೊಡ್ಡ ಕಾಯಿಲೆ ಅದು. ಕಲಾವಿದರು ಸರಳವಾಗಿ ಮಾಡಿದ್ದನ್ನು ಆ ಚೀಟಿ ಬರೆಯುವವರು ಕಗ್ಗಂಟು ಮಾಡಿಬಿಡುತ್ತಾರೆ.

ಆದರೆ ಇಲ್ಲಿ ಹಿಂದೆ ನಡೆದ ಒಂದು ಕೆಲಸ ನಿಮಗೆ ಹಿಡಿಸುತ್ತದೆ. 2003ರಲ್ಲಿ ಆಂಟನಿ ಗಾರ್ಮ್ಲಿ ಅನ್ನೋ ಶಿಲ್ಪಿ ಈ ಎರಡೂ ಊರಿನ ಸಾಮಾನ್ಯ ಜನರನ್ನು ಕರೆದರು. ಪುಟ್ಟ ಮಕ್ಕಳಿಂದ ಹಿಡಿದು ಎಂಬತ್ತು ದಾಟಿದವರವರೆಗೆ ಬಂದರು. ಒಬ್ಬೊಬ್ಬರ ಮೈಗೂ ಪ್ಲಾಸ್ಟರ್ ಹಚ್ಚಿ ಅಚ್ಚು ತೆಗೆದು, ಆ ಅಚ್ಚಿನೊಳಗೆ ಸಣ್ಣ ಸಣ್ಣ ಉಕ್ಕಿನ ಸರಳುಗಳನ್ನು ಬೆಸೆದು ಆಕಾರ ಕಟ್ಟಿದರು. ಹತ್ತಿರ ಹೋದರೆ ಬರೀ ಸರಳು, ದೂರ ನಿಂತರೆ ಮನುಷ್ಯ. ಇಡೀ ಮಹಡಿಯಲ್ಲಿ ಊರಿನ ಜನ ಹಾಗೆ ನಿಂತಿದ್ದರು. ಬೆಸುಗೆ ಕೆಲಸವೂ ಅಲ್ಲೇ ನಡೆದದ್ದು. ಮಿಲ್ಲು ಮುಚ್ಚಿದ ಎಷ್ಟೋ ವರ್ಷಗಳ ಮೇಲೆ ಅಲ್ಲಿ ಮತ್ತೆ ಬೆಂಕಿಯ ಕಿಡಿ ಹಾರಿತು ಅಂತ ಆಯಿತಲ್ಲ.

ಈಗ ಹಕ್ಕಿಗಳ ವಿಷಯ, ಇದು ಅಮ್ಮನಿಗೆ. ಹೊರಗೋಡೆಯ ಅಂಚುಗಳಲ್ಲಿ ಕಿಟ್ಟಿವೇಕ್ ಅನ್ನೋ ಕಡಲಹಕ್ಕಿಗಳು ಗೂಡು ಕಟ್ಟಿವೆ. ಬಿಳಿ ಮೈ, ಬೂದು ರೆಕ್ಕೆ, ಅದರ ತುದಿ ಮಾತ್ರ ಕಪ್ಪು. ಉಳಿದ ಕಾಲವೆಲ್ಲ ಸಮುದ್ರದ ನಡುವೆ ಇರುತ್ತವೆ, ಮರಿ ಮಾಡುವುದಕ್ಕೆ ಮಾತ್ರ ಇಲ್ಲಿಗೆ ಬರುತ್ತವೆ, ಆಗಸ್ಟ್ ಹೊತ್ತಿಗೆ ಹೊರಟುಹೋಗುತ್ತವೆ. ಸಮುದ್ರದಿಂದ ಇಷ್ಟು ಒಳಗೆ ಬಂದು ಇವು ಗೂಡು ಕಟ್ಟುವುದು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲವಂತೆ. ಕಟ್ಟಡದ ಕೆಲಸ ಶುರುವಾದಾಗ ಇವುಗಳ ಗೂಡಿಗೆ ತೊಂದರೆಯಾಗುತ್ತದೆ ಅಂತ ಬೇರೆ ಒಂದು ಗೋಪುರವನ್ನೇ ಕಟ್ಟಿಕೊಟ್ಟರು. ಕೆಲವು ಅಲ್ಲಿಗೆ ಹೋದವು, ಕೆಲವು ಮತ್ತೆ ಇಲ್ಲಿಗೇ ಬಂದವು. ಗಲಾಟೆ ಅಂದರೆ ಗಲಾಟೆ. ವಾಸನೆಯೂ ಇದೆ, ಸುಳ್ಳು ಯಾಕೆ ಹೇಳಲಿ. ಕೆಳಗೆ ನಡೆಯುವಾಗ ತಲೆ ಮೇಲೆ ಬೀಳದ ಹಾಗೆ ನೋಡಿಕೊಂಡು ನಡೆಯಬೇಕು.

ಎದುರಿಗೆ ಒಂದು ಸೇತುವೆ ಇದೆ. 2001ರಲ್ಲಿ ತೆರೆದದ್ದು, ನಡೆಯುವವರಿಗೆ, ಸೈಕಲ್‌ನವರಿಗೆ ಮಾತ್ರ. ಎತ್ತರದ ದೋಣಿ ಬಂದರೆ ಇಡೀ ಸೇತುವೆ ಹೊರಳಿ ಮೇಲೇಳುವ ಹಾಗೆ ಕಟ್ಟಿದ್ದಾರೆ. ಹೊರಳುವಾಗ ಮೇಲೆ ಬಿದ್ದಿದ್ದ ಕಸವೆಲ್ಲ ಉರುಳಿ ತುದಿಯ ಡಬ್ಬಿಗೆ ಬೀಳುತ್ತದೆ. ಅಮ್ಮ, ತಾನೇ ಕಸ ಗುಡಿಸಿಕೊಳ್ಳುವ ಸೇತುವೆ!

ಅಪ್ಪ, ನಿಮಗೆ ಒಂದು ದೂರು ಹೇಳಬೇಕು. ಒಳಗೆಲ್ಲ ಓಡಾಡಿದೆ. ಗಾಜಿನ ಲಿಫ್ಟಿನಲ್ಲಿ ಮೇಲೆ ಹೋಗಿ ನದಿ, ಸೇತುವೆಗಳು ಎಲ್ಲ ನೋಡಿದೆ. ಕಟ್ಟಿದ ಆರ್ಕಿಟೆಕ್ಟ್ ಹೆಸರು ಗೊತ್ತು, ಕಲಾವಿದರ ಹೆಸರು ಗೊತ್ತು, ಮಿಲ್ಲಿನ ಹೆಸರು ಗೋಡೆಯ ಮೇಲೇ ಇದೆ. ಆದರೆ ಅಲ್ಲಿ ಪಾಳಿಗೆ ಬಂದು ದುಡಿದವರು ಯಾರು, ಮುಚ್ಚಿದ ಮೇಲೆ ಎಲ್ಲಿಗೆ ಹೋದರು, ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಗೋಡೆ ಉಳಿಸುವುದಕ್ಕೆ ಅಷ್ಟು ಉಕ್ಕು ಸುರಿದವರು ಒಂದು ಮೂಲೆಯಲ್ಲಿ ಮಿಲ್ಲಿನವರ ಫೋಟೋ ತೂಗುಹಾಕಬಹುದಿತ್ತು ಅಲ್ವಾ? ನಿಮ್ಮ ಮಿಲ್ಲು ಮುಚ್ಚಿದ ಮೇಲೆ ಹಾಜರಿ ಪುಸ್ತಕ ರದ್ದಿಗೆ ಹೋಯಿತು ಅಂತ ನೀವು ಹೇಳುತ್ತಿದ್ದಿರಿ. ಅದು ನೆನಪಾಯಿತು.

ಒಳಗೆ ಒಂದು ಲೈಬ್ರರಿಯೂ ಇದೆ, ಹಳೇ ಕಾಗದಪತ್ರ ಇಟ್ಟಿದ್ದಾರೆ. ಸಮಯ ಮುಗಿದಿತ್ತು, ಹೋಗಲಾಗಲಿಲ್ಲ. ಮುಂದಿನ ಸಲ ಹೋದಾಗ ಮೊದಲು ಅಲ್ಲಿಗೇ ಹೋಗಿ ಕೇಳುತ್ತೇನೆ. ನಿಮಗೆ ಏನೇನು ತಿಳಿಯಬೇಕು ಅಂತ ಬರೆದು ಕಳಿಸಿ. ಎಷ್ಟು ಪಾಳಿ ಇತ್ತು, ಹಿಟ್ಟಿನ ಧೂಳಿಗೆ ಏನು ಮಾಡುತ್ತಿದ್ದರು, ಯೂನಿಯನ್ ಇತ್ತಾ, ಇಂಥವು ನಿಮಗೇ ಹೊಳೆಯುವುದು. ಫೋಟೋ ಏನಾದರೂ ಸಿಕ್ಕಿದರೆ ವಾಟ್ಸಾಪಿನಲ್ಲಿ ಹಾಕುತ್ತೇನೆ, ದೊಡ್ಡದು ಮಾಡಿ ನೋಡೋದು ತಮ್ಮ ಹೇಳಿಕೊಡುತ್ತಾನೆ.

ಅಮ್ಮ, ಊಟ ಸರಿಯಾಗಿ ಮಾಡುತ್ತಿದ್ದೇನೆ. ಇನ್ನು ಫೋನಿನಲ್ಲಿ ಅದನ್ನು ಕೇಳಬೇಡ.

ನಿಮ್ಮ ಪ್ರೀತಿಯ ಮಗಳು